ನನ್ನ ಪುಸ್ತಕದ ನಾಯಿಗಳಿಗೆ ಮಾತು ಕಲಿಸಿದವರು

ನನ್ನ ಕಾದಂಬರಿಯ ಮೊದಲ ಕರಡಿನಲ್ಲಿ ನಾಯಿಗಳೆಲ್ಲ ಅಚ್ಚುಕಟ್ಟಾದ ಪಠ್ಯಪುಸ್ತಕದ ಕನ್ನಡ ಮಾತಾಡುತ್ತಿದ್ದವು. ಬರೆದವಳು ಶಾಲೆಯ ಕನ್ನಡ ಟೀಚರ್. ವರ್ಷಗಟ್ಟಲೆ ಪರರ ಮಕ್ಕಳ ವಾಕ್ಯ ತಿದ್ದಿದವಳ ಕೈಯಲ್ಲಿ ನಾಯಿಯಾದರೂ ಬೇರೆ ಹೇಗೆ ಮಾತಾಡೀತು? "ಸ್ನೇಹಿತರೇ, ನಮ್ಮ ಒಡೆಯರು ಅಪಾಯದಲ್ಲಿದ್ದಾರೆ, ತ್ವರೆ ಮಾಡೋಣ" ಎಂದು ಒಂದು ಬೀದಿನಾಯಿ ಉಳಿದವಕ್ಕೆ ಹೇಳುವ ಭಾಗವನ್ನು ಒಂದು ಸಂಜೆ ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ. ಕೈ ನಿಲ್ಲಿಸಿ ನನ್ನ ಮುಖ ನೋಡಿದ.

"ಇದೇನು ನಾಯಿನೋ, ಬ್ಯಾಂಕ್ ಮ್ಯಾನೇಜರೋ?"

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. "ಮಕ್ಕಳ ಪುಸ್ತಕ ಅಪ್ಪ ಇದು, ಫ್ಯಾಂಟಸಿ. ಇದ್ರಲ್ಲಿ ನಾಯಿ ಮಾತಾಡ್ಬಹುದು" ಅಂದೆ.

"ಮಾತಾಡ್ಲಿ, ಬೇಡ ಅಂದೋರ್ಯಾರು? ನಾಯಿ ಥರ ಮಾತಾಡ್ಲಿ. ಯಜಮಾನ ಕಷ್ಟದಲ್ಲಿದ್ರೆ ನಾಯಿ ನಿಂತ್ಕೊಂಡು ಭಾಷಣ ಬಿಗಿಯಲ್ಲ ಕಣವ್ವ. ಹಿಂಗನ್ನುತ್ತೆ, ಕೇಳು."

ಅಪ್ಪ ಮೊರವನ್ನು ಪಕ್ಕಕ್ಕಿಟ್ಟ. ಕತ್ತು ಮುಂದಕ್ಕೆ ಚಾಚಿ ಗಂಟಲಿನೊಳಗಿಂದ ಒಂದು ಗುರುಗುಟ್ಟುವಿಕೆ ಹೊರಡಿಸಿದ. ಅದು ನಿಧಾನಕ್ಕೆ ಏರಿ, ಎರಡು ಗಿಡ್ಡ ಬೊಗಳಾಗಿ ಒಡೆಯಿತು. ಎದುರುಮನೆಯ ಸ್ಕೂಟರ್ ಕೆಳಗೆ ಮಲಗಿದ್ದ ಬೀದಿನಾಯಿ ದಡಕ್ಕನೆ ಎದ್ದು ಕಿವಿ ನಿಮಿರಿಸಿತು. ಮೇಲಿನ ಮನೆಯ ಬಾಡಿಗೆಯ ಹೆಂಗಸು ಬಾಲ್ಕನಿಯಿಂದ ಬಗ್ಗಿ, "ಅಂಕಲ್, ನಾಯಿ ತಂದ್ರಾ?" ಎಂದು ಆಸೆಯಿಂದ ಕೇಳಿದಳು. ನಮ್ಮ ಕಟ್ಟಡದಲ್ಲಿ ನಾಯಿ ಸಾಕುವ ಹಾಗಿಲ್ಲ ಎಂದು ಅಪ್ಪನೇ ಅವಳಿಗೆ ಹೇಳಿದ್ದ. "ಇಲ್ಲಮ್ಮ, ನಾನೇ" ಎಂದು ಅಪ್ಪ ಮತ್ತೆ ಅವರೆಕಾಯಿಗೆ ಕೈ ಹಾಕಿದ.

ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಒಂದು ಊರು. ಅಲ್ಲಿಗೆ ಹೊಗೆಯ ಮೈಯ ಮಾಯಾವಿಯೊಬ್ಬ ಬಂದು ಮನುಷ್ಯರ ಹೆಸರುಗಳನ್ನೆಲ್ಲ ಕದ್ದು ಬುಟ್ಟಿಯಲ್ಲಿ ತುಂಬಿಕೊಂಡು ಹೋಗುತ್ತಾನೆ. ಹೆಸರು ಹೋದ ಮೇಲೆ ತಾಯಿಗೆ ತನ್ನ ಮಗು ಯಾವುದೆಂದು ತಿಳಿಯುವುದಿಲ್ಲ, ಅಂಗಡಿಯವನಿಗೆ ತನ್ನ ಮನೆ ಯಾವುದೆಂದು ತಿಳಿಯುವುದಿಲ್ಲ. ನಾಯಿಗಳಿಗೆ ಮಾತ್ರ ಏನೂ ಆಗುವುದಿಲ್ಲ. ಅವು ಯಾವತ್ತೂ ಯಾರನ್ನೂ ಹೆಸರಿನಿಂದ ಗುರುತು ಹಿಡಿದದ್ದೇ ಇಲ್ಲವಲ್ಲ! ಕಿವಿ ಹರಿದ ಒಂದು ಕೆಂದ ನಾಯಿ ಊರಿನ ಬೀದಿನಾಯಿಗಳನ್ನೆಲ್ಲ ಕೂಡಿಸುತ್ತದೆ. ಅವು ಮೂಸಿ ಮೂಸಿ ಒಬ್ಬೊಬ್ಬರನ್ನೂ ಅವರವರ ಮನೆಗೆ ಮುಟ್ಟಿಸುತ್ತವೆ, ತಮಗೆ ಕಲ್ಲು ಹೊಡೆದವರನ್ನೂ ಬಿಡದೆ. ಆಮೇಲೆ ಕೆಂದ ನಾಯಿ ಬುಟ್ಟಿಯನ್ನು ಹುಡುಕಿಕೊಂಡು ಬೆಟ್ಟ ಹತ್ತುತ್ತದೆ. ಕಲ್ಲು ಹೊಡೆದವರ ಭಾಗ ಬರೆದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಅಪ್ಪನಿಗೆ ನಾಯಿಯ ದನಿ ಹೇಗೆ ಒಲಿಯಿತು ಎನ್ನುವುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಇಷ್ಟು ವರ್ಷ ಹೇಳದೆ ಮುಂದೆ ಹೋದದ್ದು ಸಾಕು. ಅಪ್ಪ ಗೊರವಯ್ಯ, ಮೈಲಾರಲಿಂಗನ ದೀಕ್ಷೆ ಪಡೆದವನು. ಕರಿ ಕಂಬಳಿಯ ನಿಲುವಂಗಿ, ತಲೆಗೆ ಕರಡಿ ಕೂದಲಿನ ಟೋಪಿ, ಕೈಯಲ್ಲಿ ಡಮರುಗ. ಗೊರವರು ತಮ್ಮನ್ನು ದೇವರ ನಾಯಿಗಳು ಎಂದುಕೊಳ್ಳುತ್ತಾರೆ. ಒಕ್ಕಲ ಮನೆಯಲ್ಲಿ ಸೇವೆ ಇದ್ದಾಗ, ದೋಣಿ ಎಂದು ಕರೆಯುವ ಮರದ ಪಾತ್ರೆಗೆ ಹಾಲು, ಬಾಳೆಹಣ್ಣು, ಬೆಲ್ಲ, ತುಪ್ಪ ತುಂಬಿಸುತ್ತಾರೆ. ಗೊರವರು ಮಂಡಿಯೂರಿ, ಗುರುಗುಟ್ಟಿ, ಬೊಗಳಿ, ಕೈ ತಾಗಿಸದೆ ಬಾಯಿಂದಲೇ ಅದನ್ನು ತಿನ್ನುತ್ತಾರೆ. ಅದು ಆಟವಲ್ಲ. ನೆರೆದ ಜನ ಕೈ ಮುಗಿದು ನಿಂತಿರುತ್ತಾರೆ. ಶ್ರೀನಗರದಿಂದ ತಲಘಟ್ಟಪುರದವರೆಗೆ ಎಲ್ಲಿ ಸೇವೆ ಇದ್ದರೂ ಅಪ್ಪನಿಗೆ ಕರೆ ಬರುತ್ತಿತ್ತು. ಈಗ ವಾಟ್ಸ್ಯಾಪಿನಲ್ಲಿ ಬರುತ್ತದೆ. ಅವನು ರಾಗಿ ಬೆಳೆಯುತ್ತಿದ್ದ ಜರಗನಹಳ್ಳಿಯ ಹೊಲ ಹೋಗಿ ಅಲ್ಲಿ ಬಾಡಿಗೆ ಮನೆಗಳೆದ್ದಿವೆ, ದೋಣಿ ಮಾತ್ರ ಹಾಗೇ ಇದೆ.

ನಾನು ಜಯನಗರದ ಶಾಲೆಯಲ್ಲಿ ಓದಿದವಳು. ಆರನೇ ತರಗತಿಯಲ್ಲಿದ್ದಾಗ ಒಂದು ದಿನ ಶಾಲೆ ಬಿಟ್ಟು ಇಬ್ಬರು ಗೆಳತಿಯರ ಜೊತೆ ನಡೆದು ಬರುತ್ತಿದ್ದೆ. ಒಂದು ಮನೆಯ ಮುಂದೆ ಚಪ್ಪರ ಹಾಕಿ ಜನ ಸೇರಿದ್ದರು. ಇಣುಕಿದೆವು. ಮೂವರು ಗೊರವರು ದೋಣಿಗೆ ಬಾಯಿ ಹಾಕಿದ್ದರು, ನಡುವಿನವನು ನಮ್ಮಪ್ಪ.

"ಥೂ, ನಾಯಿ ಥರ ತಿಂತಿದಾರೆ ನೋಡೇ! ಯಾರೇ ಅದು?" ಅಂದಳು ಒಬ್ಬಳು.

"ಯಾರೋ. ನಂಗೇನ್ ಗೊತ್ತು" ಅಂದೆ ನಾನು.

ಅಪ್ಪ ತಲೆ ಎತ್ತಿದ. ಗಡ್ಡದಿಂದ ಹಾಲು ತೊಟ್ಟಿಕ್ಕುತ್ತಿತ್ತು. ನನ್ನನ್ನು ನೋಡಿದ, ಮತ್ತೆ ತಲೆ ತಗ್ಗಿಸಿ ಸೇವೆ ಮುಂದುವರಿಸಿದ. ಸಂಜೆ ಮನೆಗೆ ಬಂದವನು ಪ್ರಸಾದದ ಬಾಳೆಹಣ್ಣನ್ನು ನನ್ನ ಕೈಗಿಟ್ಟು "ತಿನ್ನು" ಅಂದ. ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು, ನಾನೂ ತಿರುಗಿ ಜಗಳ ಆಡುತ್ತಿದ್ದೆ. ಈ ವಿಷಯ ನಮ್ಮಿಬ್ಬರ ನಡುವೆ ಯಾವತ್ತೂ ಬಾಯಿಗೆ ಬರಲಿಲ್ಲ, ಮರೆತೂ ಹೋಗಲಿಲ್ಲ.

ಆ ಅವರೆಕಾಯಿಯ ಸಂಜೆಯಿಂದ ಅಪ್ಪ ನನ್ನ ಕಾದಂಬರಿಗೆ ಗುರುವಾದ. ದಿನಾ ಶಾಲೆಯಿಂದ ಬಂದು ಕಾಫಿ ಕುಡಿದು ಬೆಂಚಿನ ಮೇಲೆ ಕೂರುವುದು, ಒಂದು ಭಾಗ ಓದುವುದು, ಬೈಸಿಕೊಳ್ಳುವುದು. ಹಸಿದ ನಾಯಿಯ ಗೊಣಗು ಬೇರೆ, ಎಲೆಯ ಮುಂದೆ ಇನ್ನೊಂದು ನಾಯಿ ಬಂದಾಗಿನ ಗೊಣಗು ಬೇರೆ. ಗುರುತಿಲ್ಲದವನಿಗೆ ಬೊಗಳುವಾಗ ಕಾಲು ಹಿಂದಕ್ಕಿರುತ್ತದೆ, ಕಳ್ಳನಿಗೆ ಬೊಗಳುವಾಗ ಮುಂದಕ್ಕಿರುತ್ತದೆ. ಮಾಯಾವಿಯ ಮುಂದೆ ನನ್ನ ನಾಯಿಗಳು ಬಾಲ ನಿಮಿರಿಸಿ ನಿಂತದ್ದನ್ನು ಅಪ್ಪ ಒಪ್ಪಲಿಲ್ಲ. "ಹೆದ್ರಿಕೆ ಆಗುತ್ತೆ ಕಣೆ, ಬಾಲ ಕಾಲ್ಸಂದಿಗೆ ಹೋಗೇ ಹೋಗುತ್ತೆ. ಬಾಲ ಮುದುರ್ಕೊಂಡೇ ಮುಂದಕ್ಕೆ ಹೋಗುತ್ತಲ್ಲ, ಅದು ನಿಯತ್ತು" ಅಂದ. ನಾನು ಬಾಲ ನಿಮಿರಿಸಿದ ಸಾಲನ್ನು ಹೊಡೆದು ಹಾಕಿದೆ. ಕೊನೆಯಲ್ಲಿ ಊರಿನವರು ಕೆಂದ ನಾಯಿಗೆ ಚಿನ್ನದ ಕೊರಳಪಟ್ಟಿ ಕೊಡುತ್ತಾರೆ ಎಂದು ಬರೆದಿದ್ದೆ. ಅದನ್ನೂ ಹೊಡೆದು ಹಾಕಿಸಿದ. "ಚಿನ್ನ ಕಟ್ಕೊಂಡು ಏನ್ ಮಾಡುತ್ತೆ ಪಾಪ? ಒಂದು ತುತ್ತು ಹಾಕಿ, ಬಾಗ್ಲಲ್ಲಿ ಮಲಗೋಕೆ ಜಾಗ ಕೊಟ್ರೆ ಸಾಕು." ಈಗ ಮಕ್ಕಳು ಹೆಚ್ಚು ಇಷ್ಟಪಡುವುದು ಆ ಕೊನೆಯ ಪುಟವನ್ನೇ.

ಎಲ್ಲಕ್ಕಿಂತ ಕಷ್ಟದ್ದು 'ನಮ್ಮೋರು ಬಂದ್ರು' ಎನ್ನುವ ಬೊಗಳು. ಮೊದಲ ಎರಡು ಬೊಗಳಿನಲ್ಲಿ ಅನುಮಾನ ಇರಬೇಕು. ಅಷ್ಟರಲ್ಲಿ ವಾಸನೆ ಸಿಗುತ್ತದೆ, ಮೂರನೆಯ ಬೊಗಳು ಅರ್ಧಕ್ಕೇ ಮುರಿದು ಕುಂಯ್ ಎನ್ನಬೇಕು. ಅಪ್ಪ ಅದನ್ನು ಮಾಡಿದಾಗಲೆಲ್ಲ ನನ್ನ ಮೈ ಜುಂ ಎನ್ನುತ್ತಿತ್ತು.

"ಒಂದ್ಸಲ ನೀನು ಮಾಡು. ಬಾಯಲ್ಲಿ ಬರ್ದೆ ಇದ್ದದ್ದು ಕೈಯಲ್ಲಿ ಹೆಂಗೆ ಬರುತ್ತೆ?" ಅನ್ನುತ್ತಿದ್ದ.

"ಮೇಲೆ ಬಾಡಿಗೆಯವರಿದಾರೆ ಅಪ್ಪ. ನಾಯಿ ಬೊಗಳಿದ್ರೆ ದೇವಲೋಕ ಹಾಳಾ? ಬಿಡು" ಎಂದು ಗಾದೆ ಹೇಳಿ ಜಾರಿಕೊಳ್ಳುತ್ತಿದ್ದೆ.

"ಹಾಳಾಗಲ್ಲ. ದೇವ್ರು ಎದ್ದು ಬಾಗ್ಲು ತೆಗೀತಾನೆ. ನಾನು ಇಷ್ಟ್ ವರ್ಷ ಬೊಗಳ್ತಿರೋದು ಯಾತಕ್ಕೆ ಅಂದ್ಕೊಂಡಿದೀಯ?" ಅಂದ ಒಂದು ದಿನ. ಆ ದಿನವೂ ನಾನು ಬೊಗಳಲಿಲ್ಲ.

ಪುಸ್ತಕ ಅಚ್ಚಾಗಿ ಬಂತು. ಮುಖಪುಟದಲ್ಲಿ ಕೆಂದ ನಾಯಿ ಬೆಟ್ಟದ ತುದಿಯಲ್ಲಿ ನಿಂತಿತ್ತು. ಅಪ್ಪ ಕೈ ತೊಳೆದುಕೊಂಡು, ಕನ್ನಡಕ ಹಾಕಿಕೊಂಡು, ಮೊದಲ ಹಾಳೆಯಿಂದಲೇ ಬೆರಳಿಟ್ಟು ಅಕ್ಷರ ಅಕ್ಷರ ಓದತೊಡಗಿದ. ಅರ್ಪಣೆಯ ಪುಟ ಬಂತು. "ರೈತರಾಗಿದ್ದ ನನ್ನ ತಂದೆಯವರಿಗೆ, ಪ್ರಾಣಿಗಳ ಒಡನಾಟವನ್ನು ತಿಳಿಸಿಕೊಟ್ಟಿದ್ದಕ್ಕಾಗಿ." ಎರಡು ಸಲ ಓದಿದ.

"ರೈತ ಅಂದ್ರೂ ಸುಳ್ಳೇನಲ್ಲ, ಬಿಡು" ಅಂದು ಪುಸ್ತಕವನ್ನು ಕಣ್ಣಿಗೊತ್ತಿಕೊಂಡ.

ಕಪಾಳಕ್ಕೆ ಹೊಡೆದ ಹಾಗಾಯಿತು. ಬರೆಯುವಾಗ ಕೈ ತಡೆದಿತ್ತು, ಸುಳ್ಳು ಹೇಳುವುದಿಲ್ಲ. ಗೊರವಯ್ಯ ಎಂದು ಬರೆದರೆ ಶಾಲೆಯವರು ಏನಂದುಕೊಂಡಾರು, ಪೇರೆಂಟ್ಸ್ ನಕ್ಕಾರು ಎಂದೇ ರೈತ ಎಂದು ಬರೆದಿದ್ದೆ. ಆರನೇ ತರಗತಿಯಲ್ಲಿ ಮಾಡಿದ ತಪ್ಪನ್ನೇ ಮತ್ತೆ ಮಾಡಿದ್ದೆ, ಈ ಸಲ ಅಚ್ಚು ಹಾಕಿಸಿ. ಅಪ್ಪನ ಎದುರಿಗೇ, ಜನರ ಮುಂದೆಯೇ ಇದನ್ನು ಸರಿಮಾಡದಿದ್ದರೆ ಇನ್ನು ಯಾವತ್ತೂ ಆಗುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿರುವುದು ಬೇರೆ, ಬಾಯಿ ಬಿಡುವುದು ಬೇರೆ.

ಬಿಡುಗಡೆ ನಾನು ಕೆಲಸ ಮಾಡುವ ಜೆ.ಪಿ. ನಗರದ ಶಾಲೆಯಲ್ಲೇ ಆಯಿತು. ಆರನೇ ತರಗತಿಯ ಮಕ್ಕಳು ಮೊದಲೇ ಪುಸ್ತಕ ಓದಿ ಮುಗಿಸಿ, ಕೈಯಲ್ಲಿ ಹಿಡಿದುಕೊಂಡು ಸಭಾಂಗಣದಲ್ಲಿ ಕೂತಿದ್ದರು. ಹಿಂದೆ ಅಪ್ಪ ಅಮ್ಮಂದಿರು. ಕೊನೆಯ ಸಾಲಿನಲ್ಲಿ ನಮ್ಮಪ್ಪ, ಬಿಳಿ ಪಂಚೆ, ಇಸ್ತ್ರಿ ಮಾಡಿದ ಶರ್ಟು. ಪ್ರಿನ್ಸಿಪಾಲ್ ಮೇಡಂ ಅರ್ಪಣೆಯ ಪುಟ ನೋಡಿ, "ನಿಮ್ ಫಾದರ್ ಫಾರ್ಮರ್ರಾ? ಸೋ ಸ್ವೀಟ್!" ಅಂದಿದ್ದರು. ಸ್ವೀಟ್ ಅಂತೆ! ನಾನು ಹಲ್ಲು ಕಿರಿದು ವೇದಿಕೆ ಹತ್ತಿದ್ದೆ.

ಕೆಂದ ನಾಯಿ ತನ್ನವರನ್ನು ಕಂಡುಕೊಳ್ಳುವ ಭಾಗವನ್ನು ಓದಿದೆ. ಮುಗಿಯುವಷ್ಟರಲ್ಲಿ ಮುಂದಿನ ಸಾಲಿನ ಎರಡು ಜಡೆಯ ಹುಡುಗಿ ಕೈ ಎತ್ತಿದಳು.

"ಮಿಸ್, ಇಲ್ಲಿ 'ನಮ್ಮೋರು ಬಂದ್ರು' ಅಂತ ಬೊಗಳುತ್ತಲ್ಲ, ಅದು ಹೇಗಿರುತ್ತೆ? ಮಾಡಿ ತೋರ್ಸಿ."

"ನಂಗೆ ಬರಲ್ಲಮ್ಮ."

"ಬರ್ದೆ ಹೇಗೆ ಬರೆದ್ರಿ ಮಿಸ್?"

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನಾನು ನಗಲಿಲ್ಲ. ಮೈಕನ್ನು ಇನ್ನೊಂದು ಕೈಗೆ ಬದಲಾಯಿಸಿದೆ. ನನಗೆ ಬರುವ ವಿದ್ಯೆ ಒಂದೇ, ಆ ಹೊತ್ತಿನಲ್ಲಿ ಅದೇ ಕೈ ಹಿಡಿಯಿತು. ಕ್ಲಾಸಿನಲ್ಲಿ ಹೇಳುವ ದನಿಯಲ್ಲೇ ಹೇಳಿದೆ. "ಎಲ್ಲರೂ ಪೆನ್ಸಿಲ್ ತೆಗೀರಿ. ಪುಸ್ತಕದಲ್ಲಿ ಒಂದು ತಪ್ಪಿದೆ, ತಪ್ಪು ನಂದು. ಅರ್ಪಣೆ ಪುಟ ತೆರೀರಿ. 'ರೈತರಾಗಿದ್ದ' ಅನ್ನೋದರಿಂದ ಕೊನೇವರೆಗೂ ಗೆರೆ ಎಳೀರಿ. ಕೆಳಗೆ ಬರ್ಕೊಳ್ಳಿ."

ಮಕ್ಕಳು ಪೆನ್ಸಿಲ್ ಹುಡುಕಿದರು. ಇಲ್ಲದವರು ಪಕ್ಕದವರ ಹತ್ತಿರ ಕೇಳಿದರು. ಹಿಂದೆ ಒಬ್ಬಿಬ್ಬರು ಅಪ್ಪಂದಿರೂ ಜೇಬಿನ ಪೆನ್ನಿಗೆ ಕೈ ಹಾಕಿದರು. ನಾನು ಉಕ್ತಲೇಖನ ಕೊಟ್ಟೆ. "ಗೊರವಯ್ಯನಾದ, ನಮ್ಮಪ್ಪನಿಗೆ. ಈ ಪುಸ್ತಕದ ನಾಯಿಗಳ ದನಿಯೆಲ್ಲ, ಅವರದು." ಎರಡು ಸಲ ಹೇಳಿದೆ, ಉಕ್ತಲೇಖನದ ನಿಯಮವೇ ಅದು.

"ಮಿಸ್, ಗೊರವಯ್ಯ ಅಂದ್ರೆ?"

ಹೇಳಿದೆ. ಕರಡಿ ಟೋಪಿ, ಡಮರುಗ, ದೋಣಿ, ಮಂಡಿಯೂರುವುದು, ಬಾಯಿಂದ ತಿನ್ನುವುದು, ಒಂದನ್ನೂ ಬಿಡಲಿಲ್ಲ. ಚಿಕ್ಕವಳಿದ್ದಾಗ ಅಪ್ಪನನ್ನು ನಾನೇ 'ಯಾರೋ' ಎಂದದ್ದನ್ನೂ ಹೇಳಿದೆ. ಯಾರೂ ಥೂ ಅನ್ನಲಿಲ್ಲ. "ಸಖತ್!" ಎಂದ ಒಬ್ಬ. ಅಷ್ಟು ತಲೆಗಳೂ ಕೊನೆಯ ಸಾಲಿನ ಕಡೆ ತಿರುಗಿದವು. "ತಾತ, ನೀವು ಮಾಡಿ ತೋರ್ಸಿ! ತಾತ, ಪ್ಲೀಸ್!"

ಅಪ್ಪ ಕೂತಲ್ಲಿಂದಲೇ ಕೈ ಆಡಿಸಿದ. "ನಾನು ಇಲ್ಲಿ ಮಾಡೋ ಹಂಗಿಲ್ಲ ಮಕ್ಕಳೇ. ಮನೇಲಿ ಕತೆಗೋಸ್ಕರ ಕಲ್ಸೋದು ಬೇರೆ, ಜನ ಸೇರ್ಸಿ ಮಾಡೋದು ಬೇರೆ. ಜನದ ಮುಂದೆ ದೇವ್ರಿಗಷ್ಟೇ. ನಿಮ್ಮ ಮಿಸ್ಸಿಗೆ ಎಲ್ಲಾ ಕಲ್ಸಿದೀನಿ. ಕತೆ ಅವಳದು, ಅವಳು ಮಾಡ್ಲಿ."

ಅಲ್ಲಿಗೆ ನನ್ನ ದಾರಿಗಳೆಲ್ಲ ಮುಚ್ಚಿದವು. ಪ್ರಿನ್ಸಿಪಾಲ್ ಮೇಡಂ ಕಡೆ ನೋಡಲಿಲ್ಲ, ನೋಡಿದ್ದರೆ ಆಗುತ್ತಿರಲಿಲ್ಲ. ಮೈಕ್ ಕೆಳಗಿಟ್ಟೆ. ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ವೇದಿಕೆಯ ಮೇಲೆ ಮಂಡಿಯೂರಿದೆ.

ಮೊದಲ ಬೊಗಳು ಕೆಮ್ಮಿನ ಹಾಗೆ ಸಣ್ಣಗೆ ಬಂತು. ಯಾರೋ ಕಿಸಕ್ಕೆಂದರು. ಎರಡನೆಯದು ಹೊಟ್ಟೆಯೊಳಗಿಂದ ಬಂತು, ಸಭಾಂಗಣದ ಆ ತುದಿಗೆ ಮುಟ್ಟಿತು. ಕೊನೆಯ ಸಾಲಿನಲ್ಲಿ ಅಪ್ಪ ಎದ್ದು ನಿಂತಿದ್ದ. ಅವನನ್ನೇ ನೋಡುತ್ತಾ ಮೂರನೆಯದಕ್ಕೆ ಬಾಯಿ ತೆರೆದೆ. ಅದು ಅರ್ಧಕ್ಕೇ ಮುರಿಯಿತು. ಕಲಿಸಿದ್ದನ್ನು ನೆನೆದು ನಾನು ಮುರಿದದ್ದಲ್ಲ, ತಾನಾಗಿಯೇ ಮುರಿಯಿತು. ಕುಂಯ್ ಎಂದವಳು ಅತ್ತುಬಿಟ್ಟೆ. ಇಷ್ಟು ಹೆಮ್ಮೆಯಿಂದ ನಾನು ಯಾವತ್ತೂ ಅತ್ತಿರಲಿಲ್ಲ.

ಎರಡು ಜಡೆಯವಳು ತಿರುಗಿ ಬೊಗಳಿದಳು. ಅವಳ ಪಕ್ಕದವನು ಬೊಗಳಿದ. ಆಮೇಲೆ ಇಡೀ ಆರನೇ ತರಗತಿ ಬೊಗಳತೊಡಗಿತು, ತಡೆಯುವವರೇ ಇಲ್ಲ. ಆ ಗಲಾಟೆಯ ನಡುವೆ ಅಪ್ಪ ಮಂಡಿ ನೋವಿನ ಕಾಲೆಳೆದುಕೊಂಡು ನಡೆದು ಬಂದ. ಕೈ ಚಾಚಿ ನನ್ನನ್ನು ಎಬ್ಬಿಸಿದ. ಅವನ ಮಾತು ನನ್ನೊಬ್ಬಳಿಗೇ ಕೇಳಿಸಿತು.

"ಬಂದ್ಯಾ ಮಗಳೇ?"

"ಬಂದೆ ಅಪ್ಪ" ಅಂದೆ.