ಪಾಂಡುರಂಗ ಮಾಸ್ತರರ ‘ಸಮಾಧಾನ’

ಬಮ್ಮಿಗಟ್ಟಿಯಲ್ಲಿ ಐವತ್ತು ದಾಟಿದ ಯಾರನ್ನಾದರೂ ಹುಟ್ಟಿದ ತಾರೀಕು ಕೇಳಿ, ಜೂನ್ ಒಂದು ಎನ್ನುತ್ತಾರೆ. ಊರಿಗೆ ಊರೇ ಒಂದೇ ದಿನ ಹೆತ್ತಿತೆಂದಲ್ಲ. ಶಾಲೆಗೆ ಹೆಸರು ಹಚ್ಚುವಾಗ ಯಾವ ತಾಯಿಗೂ ತಾರೀಕು ನೆನಪಿರುತ್ತಿರಲಿಲ್ಲ. ಪಾಂಡುರಂಗ ಮಾಸ್ತರರು ಮಗುವಿನ ಕೈಯನ್ನು ತಲೆಯ ಮೇಲಿಂದ ಹಾಯಿಸಿ ಆಚೆ ಕಿವಿ ಮುಟ್ಟಿಸಿ ನೋಡಿ, ಒಂದು ವರ್ಷ ಅಂದಾಜು ಮಾಡಿ, ಮುಂದೆ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ನನ್ನದೂ ಅದೇ. ಎತ್ತು ಕೊಳ್ಳುವವರಾದರೂ ಹಲ್ಲು ನೋಡುತ್ತಾರೆ.

ಮಾಸ್ತರರು ನಿವೃತ್ತರಾದ ಮೇಲೆ ಸುಮ್ಮನೆ ಕೂಡಬೇಕಿತ್ತು. ಕೂಡಲಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ ಮೊಮ್ಮಗಳ ಹಳೆಯ ಲ್ಯಾಪ್‌ಟಾಪ್ ಹಿಡಿದು ಪ್ರೋಗ್ರಾಂ ಬರೆಯಲು ಕಲಿತರು. ಹೋದ ವರ್ಷ ಕಣ್ಣಿನ ಪೊರೆ ತೆಗೆಸುವವರನ್ನು ಹುಬ್ಬಳ್ಳಿಗೆ ಒಯ್ಯಲು ಬಸ್ಸು ಬರುವುದಿತ್ತು. ಹೋಗುವವರ ಹೆಸರಿನ ಯಾದಿ ಮಾಡುವ ಕೆಲಸವನ್ನು ತಾವೇ ಮೈಮೇಲೆ ಹಾಕಿಕೊಂಡು, ಅದಕ್ಕೊಂದು ಪ್ರೋಗ್ರಾಂ ಬರೆದು ಪಡಸಾಲೆಯಲ್ಲಿ ಕೂತರು.

ಮೊದಲ ದಿನ ಏನಾದರೂ ತಪ್ಪಾದರೆ ಪರದೆಯ ಮೇಲೆ ಕೆಂಪು ಅಕ್ಷರ ಬಂದು ಪ್ರೋಗ್ರಾಂ ನಿಂತುಬಿಡುತ್ತಿತ್ತು. ಹೆಸರು ಬರೆಸಲು ಬಂದ ಅಮೀರಬಿ ಅದನ್ನು ಕಂಡು, "ನನ್ನ ಕಣ್ಣು ಹೋತಂತ ಬರದೈತೇನ್ರಿ?" ಎಂದು ಅತ್ತೇಬಿಟ್ಟಳು. ಮಾಸ್ತರರಿಗೆ ಅಳುವವರನ್ನು ಕಂಡರೆ ಆಗದು. ಶಾಲೆಯಲ್ಲೂ ಬಿದ್ದು ಬಂದ ಹುಡುಗರ ಗಾಯ ನೋಡದೆ ಪೆಪ್ಪರಮೆಂಟು ಕೊಟ್ಟು ಕೂರಿಸುತ್ತಿದ್ದರು. ಅಂದು ಸಂಜೆಯೇ ಒಂದು ಸಹಾಯಕ ಫಂಕ್ಷನ್, ಅಂದರೆ ಪ್ರೋಗ್ರಾಂನೊಳಗೊಂದು ಪುಟ್ಟ ಪ್ರೋಗ್ರಾಂ, ಬರೆದು ‘ಸಮಾಧಾನ’ ಎಂದು ಹೆಸರಿಟ್ಟರು. ಪ್ರೋಗ್ರಾಂನಲ್ಲಿ ಎಲ್ಲೇ ತಪ್ಪಾದರೂ ಅದನ್ನು ಕರೆಯುವುದು; ಅದು ತಪ್ಪನ್ನು ನುಂಗಿ, ಹಸಿರು ಅಕ್ಷರದಲ್ಲಿ "ಆತ್ರಿ, ಮುಂದಿನವರು ಬರ್ರಿ" ಎನ್ನುವುದು. ಆಮೇಲೆ ಒಬ್ಬರೂ ಅಳಲಿಲ್ಲ. ಊರು ಹೊಗಳಿತು. ನಾನೂ ಹೊಗಳಿದೆ, ಸುಳ್ಳೇಕೆ ಹೇಳಲಿ.

ಕೌದಿ ಹೊಲಿದು ಬದುಕುವ ನೀಲಕ್ಕನಿಗೆ ಆಗಲೇ ಸೂಜಿಗೆ ದಾರ ಪೋಣಿಸುವುದಾಗುತ್ತಿರಲಿಲ್ಲ. ಇನ್ನೊಂದು ವರ್ಷ ಹೀಗೇ ಹೋದರೆ ಸೂಜಿಯನ್ನೇ ಕೆಳಗಿಡಬೇಕು. ಅವಳೂ ಹೆಸರು ಬರೆಸಿದ್ದಳು; ಬಸ್ಸು ಬಂದ ಬೆಳಿಗ್ಗೆ ಚೀಲ ಹಿಡಿದು ಎಲ್ಲರಿಗಿಂತ ಮೊದಲು ಬಂದು ನಿಂತಳು. ಯಾದಿಯಲ್ಲಿ ಇದ್ದದ್ದು ಒಬ್ಬಳೇ ನೀಲಕ್ಕ. ಅವಳು ಹಿಟ್ಟಿನ ಗಿರಣಿಯ ನೀಲಕ್ಕ, ಹೆಸರು ಕೂಗಿದ್ದೇ ಬಸ್ಸು ಹತ್ತಿ ಕಿಟಕಿ ಹಿಡಿದು ಕೂತಿದ್ದಳು.

ಮಾಸ್ತರರು ಪರದೆಗೆ ಮೂಗು ಹಚ್ಚಿ ಹುಡುಕಿದರು. ಇಬ್ಬರೂ ನೀಲಕ್ಕ, ಇಬ್ಬರೂ ಬಮ್ಮಿಗಟ್ಟಿ, ಇಬ್ಬರೂ ಎಪ್ಪತ್ತನೇ ಇಸವಿ ಜೂನ್ ಒಂದು. ಒಬ್ಬಳೇ ಎರಡು ಸಲ ಬಂದಳೆಂದು ತಿಳಿದ ಪ್ರೋಗ್ರಾಂ ಎರಡನೆಯವಳನ್ನು ಬರೆದುಕೊಳ್ಳದೆ, ಹಾಗೆಂದು ಹೇಳಲೂ ಹೋಗಿತ್ತು. ‘ಸಮಾಧಾನ’ ಅದರ ಬಾಯಿ ಮುಚ್ಚಿಸಿತ್ತು.

"ನಿಮ್ಮ ಮಶೀನ ಆತ್ರಿ ಅಂತ್ರಿ ಮಾಸ್ತರ," ಎಂದಳು ನೀಲಕ್ಕ. "ನಾ ಹುಟ್ಟಿದ ತಾರೀಕೂ ನೀವ ಕೊಟ್ಟದ್ದು. ಇನ್ನ ಯಾರನ್ನ ಕೇಳ್ಲಿ?"

ಬಸ್ಸಿನ ಜೊತೆ ಬಂದ ನರ್ಸು ಅಮೃತಾ, "ಯಾದಿಗಿಂತ ಒಬ್ಬರನ್ನೂ ಹೆಚ್ಚಿಗಿ ಒಯ್ಯಾಕ ಬರಂಗಿಲ್ರಿ," ಎಂದಳು.

"ಒಂಬತ್ತನೇ ಹೆಸರ ಹೊಡದ, ಈಕೀದ ಬರಕೋರಿ," ಎಂದರು ಮಾಸ್ತರರು.

ಒಂಬತ್ತನೆಯದು ಅವರದೇ ಹೆಸರು. ಅವರಿಗೂ ಪೊರೆ ಬಂದಿದೆಯೆಂದು ಊರಿಗೆ ಗೊತ್ತಾದದ್ದು ಆಗಲೇ.

ವರ್ಷವಾಯಿತು. ಮತ್ತೆ ಬಸ್ಸು ಬರುವುದಿದೆ. ‘ಸಮಾಧಾನ’ವನ್ನು ಮಾಸ್ತರರು ಬಾಯಲ್ಲಿ ಹೇಳಿ ನನ್ನ ಕೈಯಿಂದ ತಿದ್ದಿಸಿದ್ದಾರೆ. ಈಗ ಅದು ಏನನ್ನೂ ನುಂಗುವುದಿಲ್ಲ. ನಿಂತು, ಏನು ತಪ್ಪಾಗಿದೆಯೆಂದು ಹೇಳುತ್ತದೆ. ಜೂನ್ ಒಂದು ಎಂದರಂತೂ ನಿಂತೇ ನಿಲ್ಲುತ್ತದೆ. ಮಾಸ್ತರರಿಗೆ ಅಕ್ಷರ ಕಾಣುವುದಿಲ್ಲ, ಅದಕ್ಕೆ ಪೊರೆ ತೆಗೆಸಿಕೊಂಡು ಬಂದ ಕೌದಿಯ ನೀಲಕ್ಕ ಬಾಜೂಕ್ಕೆ ಕೂತು ಓದುತ್ತಾಳೆ. ಈ ಸಲ ಅವಳು ಮೊದಲು ಬರೆಸಿದ ಹೆಸರು ಮಾಸ್ತರರದು.

"ಕೆಂಪ ಬಂತ್ರಿ."

"ಓದವಾ."

ಒಂದನೇ ಇಯತ್ತೆಯಲ್ಲಿ ಅವರೇ ಕಲಿಸಿದಂತೆ, ಬೆರಳಿಟ್ಟು ಓದಿದಳು: "ತಾರೀಕು ನಂಬುವಂತಿಲ್ಲ. ಮನುಷ್ಯರನ್ನೇ ಕೇಳಿ." ತಿರುಗಿ ಕೇಳಿದಳು, "ಖರೇ ಯಾವಾಗ ಹುಟ್ಟೀರಿ?"

"ಗೊತ್ತಿಲ್ಲವಾ. ನನಗೂ ನಮ್ಮ ಮಾಸ್ತರ ಕೊಟ್ಟದ್ದು."

"ಹಂಗಾರ ಇಲ್ಲೇ ಕೂಡ್ರಿ," ಎಂದಳು ನೀಲಕ್ಕ. "ನಿಮ್ಮನ್ನ ಬಸ್ಸ ಹತ್ತಿಸೂತನಕಾ ನಾ ಏಳಂಗಿಲ್ಲ."