ಧೂಳಿನ ರೇಖೆ ಸುಳ್ಳಾಗಿರಲಿಲ್ಲ

ಹೈದರಾಬಾದಿನಲ್ಲಿ ಐಟಿ ಕಂಪನಿಗಳು ಒಂದರ ಹಿಂದೊಂದು ಬಾಗಿಲು ತೆರೆಯುತ್ತಿದ್ದ ಕಾಲದಲ್ಲಿ, ನಾನು ಬ್ಯಾಂಕುಗಳಿಗೆ ಪ್ರೋಗ್ರಾಮು ಬರೆಯುವ ಕೆಲಸ ಬಿಟ್ಟು ಉಪ್ಪಲ್ ಕಡೆಯ ಒಂದು ಭೂವಿಜ್ಞಾನ ಪ್ರಯೋಗಾಲಯ ಸೇರಿದೆ. ಕೂಕಟ್‌ಪಲ್ಲಿಯಲ್ಲಿ ನನ್ನ ಜೊತೆ ಬಾಡಿಗೆ ಕೋಣೆಯಲ್ಲಿದ್ದವರಿಗೆ ಇದು ತಲೆಗೇ ಹೋಗಲಿಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಮರುಭೂಮಿಗಳಿಂದ ಎಷ್ಟು ಧೂಳು ಏಳುತ್ತಿತ್ತು ಎಂದು ಕಂಪ್ಯೂಟರಿನಿಂದ ಲೆಕ್ಕ ಹಾಕಿಸುವುದು ನನ್ನ ಕೆಲಸ. ಒಂದೊಂದು ಯುಗದ ಖಂಡಗಳ ನಕಾಶೆ ಮತ್ತು ಆಗ ಗಾಳಿಯಲ್ಲಿದ್ದ ಇಂಗಾಲದ ಡೈಆಕ್ಸೈಡ್ ಎಷ್ಟೆಂಬುದನ್ನು ಕೊಟ್ಟರೆ, ಅದು ಮಳೆ, ಗಾಳಿ, ಬರಿನೆಲ ಎಲ್ಲವನ್ನೂ ಹಿಡಿದು ಧೂಳಿನ ಪ್ರಮಾಣ ಹೇಳುತ್ತಿತ್ತು.

ಎಂಟು ತಿಂಗಳಾದ ಮೇಲೆ, ಯುಗದಿಂದ ಯುಗಕ್ಕೆ ಧೂಳು ಹೇಗೆ ಏರಿಳಿಯಿತೆಂದು ತೋರಿಸುವ ರೇಖೆ ಸಿದ್ಧವಾಯಿತು. ನೋಡಿದರೆ ಎಲ್ಲೋ ತಪ್ಪಿದೆ ಅನ್ನಿಸಿತು. ಧೂಳಿನ ಏರಿಳಿತ ಇಂಗಾಲದ ಡೈಆಕ್ಸೈಡ್ ಅನಿಲದ ಏರಿಳಿತಕ್ಕೆ ಹೊಂದಿಕೊಂಡಿರಬೇಕು ಎಂದು ನಂಬಿದ್ದೆ. ಇಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದ ಅನಿಲವಿದ್ದ ಎರಡು ಯುಗಗಳಲ್ಲಿ ಒಂದರಲ್ಲಿ ದಟ್ಟ ಧೂಳು, ಇನ್ನೊಂದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ವಾರವಿಡೀ ಪ್ರೋಗ್ರಾಮಿನ ಸಾಲು ಸಾಲು ತಡಕಿದೆ. ಒಂದು ಕಡೆ ಪ್ಲಸ್ ಇರಬೇಕಾದಲ್ಲಿ ಮೈನಸ್ ಬಿದ್ದಿತ್ತು. ತಿದ್ದಿದರೂ ರೇಖೆ ಜಗ್ಗಲಿಲ್ಲ. ಅದನ್ನು ಇನ್ನೊಂದು ತಿಂಗಳಲ್ಲಿ ಸಭೆಯೊಂದರ ಮುಂದಿಡಬೇಕಾದವರು ನಮ್ಮ ಮೇಡಂ, ನಿವೃತ್ತಿಗೆ ಹತ್ತಿರವಾಗಿದ್ದ ರಾಯಚೂರು ಕಡೆಯ ವಿಜ್ಞಾನಿ.

ಭಾನುವಾರ ಕಾಚಿಗೂಡದ ಅವರ ಮನೆಗೆ ಹೋದೆ. ಪೇಪರು ಹಾಸಿಕೊಂಡು ಹಸಿಕಡಲೆ ಬಿಡಿಸುತ್ತ ಕೂತಿದ್ದರು. ಕೆಲಸವೆಲ್ಲ ಕೆಟ್ಟಿದೆ, ಬೇಕಾದರೆ ಬಿಟ್ಟು ಹೋಗುತ್ತೇನೆ ಎಂದೂ ಹೇಳಿಬಿಟ್ಟೆ. ಅವರು ಕಡಲೆ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಮೊದಲ ನಿನ್ನ ಮ್ಯಾಲೇ ಯಾಕ ಅನುಮಾನ? ಆ ಅನಿಲದ ಮ್ಯಾಲೆ ಪಡು," ಎಂದರು. "ಎಲ್ಲಾ ಯುಗಕ್ಕೂ ಅನಿಲ ಒಂದೇ ಇಡು. ನಕಾಶೆ ಅಷ್ಟೇ ಬದಲ ಮಾಡು. ಏನಾಕ್ಕೈತಿ ನೋಡೋಣು."

ಲೆಕ್ಕ ಮುಗಿಯಲು ಹದಿನೈದು ದಿನ ಬೇಕಾಯಿತು. ಗುರುವಾರ ಬೆಳಿಗ್ಗೆ ಅನಿಲ ಒಂದೇ ಇಟ್ಟಿದ್ದರೂ ಪರದೆಯ ಮೇಲೆ ಹಿಂದಿನ ಅವೇ ಏರಿಳಿತಗಳು ಮೂಡಿದವು. ತಾಳೆ ನೋಡಲೆಂದು ಜೊತೆಗೇ ನಕಾಶೆ ಒಂದೇ ಇಟ್ಟು ಅನಿಲ ಮಾತ್ರ ಬದಲಿಸಿ ಮಾಡಿಸಿದ್ದ ಲೆಕ್ಕದಲ್ಲಿ ರೇಖೆ ಬಹುಪಾಲು ಚಪ್ಪಟೆಯಾಗಿ ಮಲಗಿತ್ತು. ಆಮೇಲೆ ನಕಾಶೆಗಳನ್ನು ಪಕ್ಕಪಕ್ಕ ಹರಡಿದಾಗ ಕಣ್ಣಿಗೇ ಕಂಡಿತು. ಸಮಭಾಜಕ ವೃತ್ತದ ಎರಡೂ ಬದಿಗೆ ಒಂದಷ್ಟು ದೂರದಲ್ಲಿ, ಒಣಗಾಳಿ ಇಳಿದು ಮಳೆ ತಡೆಯುವ ಪಟ್ಟಿಗಳಿವೆ. ಅಲ್ಲಿ ವಿಶಾಲ ನೆಲವಿದ್ದ ಯುಗದಲ್ಲಿ ಧೂಳೆದ್ದಿತ್ತು. ಖಂಡಗಳು ಸರಿದು ಅಲ್ಲಿ ಕಡಲು ಬಂದಾಗ ಅಡಗಿತ್ತು. ಅನಿಲದ ಕೈವಾಡ ಇದ್ದರೂ ಸಣ್ಣದು.

ನನ್ನ ಪ್ರೋಗ್ರಾಮು ಸರಿಯಿತ್ತು, ತಪ್ಪಿದ್ದು ನನ್ನ ನಂಬಿಕೆ. ಮೇಡಂ ಕೋಣೆಗೆ ಹೆಚ್ಚುಕಡಿಮೆ ಓಡಿದೆ. ಅವರು ಎರಡೂ ರೇಖೆಗಳನ್ನು ತುಂಬ ಹೊತ್ತು ನೋಡಿ, ಕನ್ನಡಕ ತೆಗೆದು, "ನಾನೂ ಭಾಳ ಹೆದರಿದ್ದೆ," ಎಂದರು.

ಅವರೂ ಹೆದರಿದ್ದರೆಂದು ನನಗೆ ಹೊಳೆದೇ ಇರಲಿಲ್ಲ. ಇಬ್ಬರೂ ಕ್ಯಾಂಟೀನಿಗೆ ಹೋಗಿ ಎರಡೆರಡು ಪ್ಲೇಟು ಇಡ್ಲಿ ತಿಂದೆವು.