ಅರ್ಧ ಕ್ಷೌರದ ಫಿಂಟನ್

ಐರ್ಲೆಂಡಿನ ಆ ಬಂದರೂರಿನಲ್ಲಿ ಅರ್ಧ ಕ್ಷೌರದ ತಲೆ ಕಂಡರೆ ಕ್ಷೌರಿಕ ಫಿಂಟನ್ ಸಮುದ್ರಕ್ಕಿಳಿದಿದ್ದಾನೆ ಎಂದೇ ಅರ್ಥ. ಸೊಂಟದ ಪೇಜರ್ ಕೂಗಿದರೆ ಸಾಕು, ಕತ್ತರಿಯನ್ನು ಗಿರಾಕಿಯ ಕೈಗಿಟ್ಟು ರಕ್ಷಣಾ ದೋಣಿಗೆ ಓಡುತ್ತಾನೆ, ಸಂಬಳವಿಲ್ಲದ ಕೆಲಸ. ಮದುವೆಯ ಫೋಟೋಗಳಲ್ಲೆಲ್ಲ ಅವನ ಅಳಿಯ ಕ್ಷೌರವಾದ ಒಂದೇ ಮಗ್ಗುಲು ತೋರಿಸಿ ನಿಂತಿರುವುದು ಅದಕ್ಕೇ. ಮುಳುಗುತ್ತಿದ್ದವರನ್ನು ಎತ್ತಿ ತಂದ ದಿನ ಅವನ ಬಾಯಿಗೆ ಬಿಡುವಿಲ್ಲ: "ಲೈಫ್ ಜಾಕೆಟ್ಟನ್ನ ದಿಂಬು ಮಾಡ್ಕೊಂಡು ಮಲಗಿದ್ದ ಕಣಯ್ಯ, ಮಹಾರಾಯ. ನೀನೂ ಹಂಗೇನಾ?" ಎಂದು ಕುರ್ಚಿಯಲ್ಲಿ ಕೂತವನಿಗೇ ಬೈಗುಳ. ಬರಿಗೈಯಲ್ಲಿ ಮರಳಿದ ದಿನ ಮಾತ್ರ ಮಾತಿಲ್ಲದೆ ಕತ್ತರಿ ಹಿಡಿದು ನಿಲ್ಲುತ್ತಾನೆ. ಆಗ ಊರವರು ಏನೂ ಕೇಳದೆ ಒಬ್ಬೊಬ್ಬರಾಗಿ ಬಂದು ಸಾಲಾಗಿ ಕೂರುತ್ತಾರೆ. ಕೊನೆಗೆ ಬೋಳುತಲೆಯ ಅಂಚೆಯವನೂ ಕುರ್ಚಿ ಹತ್ತಿ, "ಸ್ವಲ್ಪ ಚಿಕ್ಕದು ಮಾಡಪ್ಪ" ಎನ್ನುತ್ತಾನೆ. ಫಿಂಟನ್ ಬಟ್ಟೆ ಹೊದಿಸಿ ಕತ್ತರಿ ಆಡಿಸತೊಡಗುತ್ತಾನೆ.